ಮೂಲೆಯ ಕೆಂಪು

ದುಫಿಯೆಯ ಫೋಟೊ ಅಂಗಡಿಗೂ ನನ್ನ ಬಣ್ಣದ ಅಂಗಳಕ್ಕೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವಳು ಬೇಡದ ಬಣ್ಣ ತೆಗೆಯುತ್ತಾಳೆ, ಈ ಕಡೆ ನಾನು ಬೇಕಾದ ಬಣ್ಣ ಹಾಕುತ್ತೇನೆ. ಮೂವತ್ತು ವರ್ಷದಿಂದ ಮರದ ತೊಗಟೆ ಕುದಿಸಿ ಸಾವಿನ ಮನೆಯ ಬಟ್ಟೆ ಅದ್ದುತ್ತಿದ್ದೇನೆ. ಯಾವ ಸಾಬೂನಿಗೂ ಬಗ್ಗದ ಕಲೆ ಮೊಣಕೈವರೆಗೆ ಕೂತುಬಿಟ್ಟಿದೆ. ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬೀಗುತ್ತಿದ್ದೆ. ಹದಿಮೂರು ವರ್ಷದ ಹಿಂದೆ ಈ ಹೆಂಗಸು ಗಂಡನನ್ನು ಕುಮಾಸಿ ಪಟ್ಟಣದಲ್ಲೇ ಬಿಟ್ಟು, ಕ್ಯಾಮೆರಾ ಮತ್ತು ಹಳೆಯ ಕಂಪ್ಯೂಟರನ್ನು ಮಾತ್ರ ಹೊತ್ತುಕೊಂಡು ಬಂದು ಪಕ್ಕದಲ್ಲಿ ಬೋರ್ಡು ತಗುಲಿಸಿದಳು. 'ಆತುರ ಬೇಡ ಫೋಟೊ' ಎಂದಿತ್ತು ಬೋರ್ಡಿನ ಮೇಲೆ.

ಮೊದಲ ವರ್ಷ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಊರಿನ ಉಳಿದ ಫೋಟೊದವರು ಕೇಳಿದವರಿಗೆ ಕೇಳಿದಷ್ಟು ಬೆಳ್ಳಗೆ ಮುಖ ಮಾಡಿಕೊಡುತ್ತಿದ್ದರು. ಇವಳು ಕೊಡುತ್ತಿರಲಿಲ್ಲ. ಚರ್ಚಿನ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮುಖಗಳು ಸೊಪ್ಪಿನ ಸಾರು ಮೆತ್ತಿಕೊಂಡ ಹಾಗೆ ಹಸಿರು ಹೊಡೆಯುತ್ತವೆ. ಇವಳು ಕೂತು ಆ ಹಸಿರನ್ನು ಇಷ್ಟಿಷ್ಟೇ ತೆಗೆದು, ಒಳಗಿದ್ದ ಮೈಬಣ್ಣವನ್ನು ಇದ್ದ ಹಾಗೆ ಹೊರಗೆ ತರುತ್ತಿದ್ದಳು. ಒಂದು ದಿನ ಪಾದ್ರಿಯ ಹೆಂಡತಿ ಬಂದು, "ನನ್ನನ್ನ ಯಾಕೆ ಇಷ್ಟು ಕಪ್ಪು ಮಾಡಿದೀಯೇ?" ಎಂದು ಕೂಗಾಡಿದಳು. ದುಫಿಯೆ ಕನ್ನಡಿ ತಂದು ಬಿಸಿಲಿಗೆ ಹಿಡಿದು, "ನಾನು ಮಾಡಿದ್ದಲ್ಲ ತಾಯೀ, ನಿಮ್ಮಪ್ಪ ಅಮ್ಮ ಮಾಡಿದ್ದು. ಅವರನ್ನೇ ಕೇಳಿ" ಎಂದಳು. ಗೋಡೆಯ ಈಚೆ ನಾನು ಬಕೆಟ್ಟಿನೊಳಗೆ ಮುಖವಿಟ್ಟು ನಕ್ಕೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಅವಳ ಚೀಲದಲ್ಲಿ ಕ್ಯಾಮೆರಾದ ಜೊತೆ ಒಂದು ಬಿಳಿ ಎನಾಮೆಲ್ ತಟ್ಟೆ ಸದಾ ಇರುತ್ತದೆ. ಯಾರ ಮನೆಗೆ ಹೋದರೂ, ಯಾವ ದೀಪದ ಕೆಳಗೆ ನಿಂತರೂ, ಮೊದಲು ಯಾರ ಕೈಗಾದರೂ ಆ ತಟ್ಟೆ ಕೊಟ್ಟು ಒಂದು ಫೋಟೊ ತೆಗೆಯುತ್ತಾಳೆ. ತಟ್ಟೆ ಬಿಳಿ ಎಂಬುದು ಅವಳಿಗೆ ಗೊತ್ತು. ಫೋಟೊದಲ್ಲಿ ಅದು ಹಳದಿಯಾಗಿ ಬಂದರೆ ದೀಪ ಹಳದಿ, ನೀಲಿಯಾಗಿ ಬಂದರೆ ದೀಪ ನೀಲಿ. ಆಮೇಲೆ ಕಂಪ್ಯೂಟರಿನಲ್ಲಿ ತಟ್ಟೆ ಮತ್ತೆ ಬಿಳಿಯಾಗುವವರೆಗೆ ತಿದ್ದಿದರೆ, ಆ ದೀಪದ ಕೆಳಗಿದ್ದ ಉಳಿದದ್ದೂ ಅದರ ಹಿಂದೆಯೇ ಸರಿಹೋಗುತ್ತದೆ. "ಫೋಟೊ ತೆಗೆಯೋಕೆ ಬಂದ್ಯೋ, ಊಟಕ್ಕೆ ಬಂದ್ಯೋ?" ಎಂದು ಜನ ಅವಳನ್ನು ಕೆಣಕುತ್ತಾರೆ. "ತಟ್ಟೆ ಹಿಡ್ಕೊಂಡಿರೋದು ನೀನು, ಹಸಿವು ನಂದಾ?" ಎನ್ನುತ್ತಾಳೆ ಅವಳು.

ಹೋದ ವರ್ಷ ರಸ್ತೆಯಾಚೆಯ ದೊಡ್ಡ ಮನೆಯ ಬಿರಾಗೊ ಅಜ್ಜಿ ತೀರಿಕೊಂಡಳು. ಶನಿವಾರ ಬೆಳಗಿನ ಜಾವ ಅವಳನ್ನು ಸಿಂಗರಿಸಿ ಹಿತ್ತಾಳೆ ಮಂಚದ ಮೇಲೆ ಮಲಗಿಸಿದ್ದರು. ಸುತ್ತ ಕುಲದ ಹೆಂಗಸರು ಕೆಂಪು ಉಟ್ಟು ಕೂತಿದ್ದರು; ನೆರೆಯವರು, ಪರಿಚಯದವರು ಎಂದಿನಂತೆ ಕಪ್ಪಿನಲ್ಲಿದ್ದೆವು. ಅಲಂಕಾರ ಮಾಡುವ ಬೊಟ್ವೆ ಈಚೆಗೆ ತರಿಸಿದ್ದ ನೀಲಿ ದೀಪದ ಪಟ್ಟಿಯನ್ನು ಮಂಚದ ತಲೆದೆಸೆಗೆ ಸುತ್ತಿ, ಕೋಣೆಯ ಉಳಿದ ಭಾಗಕ್ಕೆ ಹಳದಿ ಬಲ್ಬು ಹಾಕಿ, ಪರದೆ ಎಳೆದುಬಿಟ್ಟಿದ್ದ. "ಸ್ವರ್ಗದ ಹಾಗಿದೆ ಅಲ್ವಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ನನಗೇನೋ ಮೀನಿನ ಅಂಗಡಿಯ ಫ್ರಿಜ್ಜಿನ ಹಾಗೆ ಕಂಡಿತು.

ಆ ನೀಲಿ ಮೂಲೆಯಲ್ಲಿ, ಅಜ್ಜಿಯ ತಲೆಯ ಪಕ್ಕದಲ್ಲಿ, ಕರವಸ್ತ್ರ ಬೀಸಿ ನೊಣ ಓಡಿಸುತ್ತ ಕೂತಿದ್ದವಳು ಸಾರ್ಫೊವಾ. ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆ ಬೇಯಿಸಿ ಮಾರುವವಳು, ಐವತ್ತು ದಾಟಿದವಳು. ಬಿರಾಗೊ ಅಜ್ಜಿ ಹಾಸಿಗೆ ಹಿಡಿದ ಹನ್ನೊಂದು ವರ್ಷ ಅವಳ ಮೈ ಒರೆಸಿದ್ದು, ಬಾಯಿಗೆ ಗಂಜಿ ಹಾಕಿದ್ದು ಇವಳೇ. ಆ ಮನೆಯ ರಸ್ತೆಬದಿಯ ಎರಡು ಕೋಣೆಗಳಲ್ಲಿ ಇವಳ ಅಮ್ಮ ಇದ್ದಳು, ಅಮ್ಮನ ಅಮ್ಮ ಇದ್ದಳು. ಅದಕ್ಕೂ ಹಿಂದಿನವಳು ಆ ಮನೆಗೆ ಎಲ್ಲಿಂದ, ಹೇಗೆ ಬಂದಳು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಒಬ್ಬರ ಬೇರನ್ನು ಇನ್ನೊಬ್ಬರು ಅಗೆದು ತೋರಿಸಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ, ಅದನ್ನು ಮುರಿದವರು ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ನಾಲ್ಕು ತಲೆಮಾರು ಆ ಮನೆಯ ಹೆಣ್ಣುಮಕ್ಕಳ ಜೊತೆ ಉಂಡು, ಹೆತ್ತು, ಅತ್ತವರು. ಅಷ್ಟು ಸಾಕು.

ಆ ಬೆಳಗ್ಗೆ ಬಿರಾಗೊಳ ಅಕ್ಕ ಟಿವಾ ಅಜ್ಜಿ, ಅಂದರೆ ಕುಲದ ಹಿರಿಯ ಹೆಂಗಸು, ತನ್ನ ಪೆಟ್ಟಿಗೆಯಿಂದ ಕೆಂಪು ಬಟ್ಟೆ ತೆಗೆದು ತನ್ನ ಕೈಯಾರೆ ಸಾರ್ಫೊವಾಳಿಗೆ ಸುತ್ತಿ, "ಹೋಗು, ತಲೆದೆಸೇಲಿ ಕೂತ್ಕೋ" ಎಂದಳು. ಸೂರ್ಯ ಮೇಲೆ ಬಂದ ಮೇಲೆ ಸಾರ್ಫೊವಾ ಆ ಬಟ್ಟೆಗೆ ಮಸಿ ತಾಗೀತು ಎಂದು ಮಡಿಸಿಟ್ಟು, ಹಳೆಯ ಕಪ್ಪು ಬಟ್ಟೆಯಲ್ಲಿ ಮುನ್ನೂರು ಜನದ ಅಡುಗೆಗೆ ನಿಂತಳು. ಅವಳು ಕೆಂಪು ಉಟ್ಟಿದ್ದ ಫೋಟೊ ಇದ್ದರೆ ಆ ಕೋಣೆಯದೊಂದೇ.

ದುಫಿಯೆಯ ತಪ್ಪು ನಡೆದದ್ದು ಅಲ್ಲಿ. ಉಣ್ಣುವ ತಟ್ಟೆಯನ್ನು ಹೆಣದ ಪಕ್ಕ ಹಿಡಿಯಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಸತ್ತವರು ಉಣ್ಣಲು ಏಳುತ್ತಾರೆ ಎನ್ನುವುದನ್ನು ನಾವು ಹಾಲು ಕುಡಿಯುವಾಗಲೇ ಕಲಿತವರು. ಅವಳು ಬಾಗಿಲ ಬಳಿ, ಹಳದಿ ಬಲ್ಬಿನ ಕೆಳಗೆ ತಟ್ಟೆ ಹಿಡಿಸಿ ಮುಗಿಸಿದಳು. ಭಾನುವಾರ ಚರ್ಚಿನ ಪ್ರಾರ್ಥನೆಯ ಹೊತ್ತಿಗೆ ಕುಲದ ಹನ್ನೆರಡು ಮನೆಗೆ ಹನ್ನೆರಡು ದೊಡ್ಡ ಫೋಟೊ ಬೇಕೆಂದು ಬಿರಾಗೊ ಅಜ್ಜಿಯ ತಂಗಿಯ ಮಗ ಗ್ಯಾಂಫಿ ಬೆನ್ನು ಹತ್ತಿದ್ದ. ಕೋಣೆಯ ಹಳದಿ ಕಳೆಯಲೆಂದು ಇವಳು ಇಡೀ ಚಿತ್ರಕ್ಕೆ ನೀಲಿ ಬೆರೆಸಿದಳು. ಬಾಗಿಲ ಕಡೆಯವರ ಮುಖ ಚಿನ್ನದಂತೆ ಸರಿಹೋಯಿತು, ಕೆಂಪು ಕೆಂಪಾಯಿತು. ಮೊದಲೇ ನೀಲಿಯಲ್ಲಿ ಮುಳುಗಿದ್ದ ಮೂಲೆಗೂ ಇನ್ನಷ್ಟು ನೀಲಿ ಬಿತ್ತು. ಸಾರ್ಫೊವಾ ಉಟ್ಟ ಬಟ್ಟೆ ಕಾಗೆಗಿಂತ ಕಪ್ಪಾಗಿ ಬಂತು. ಆಗ ಯಾರೂ ಗಮನಿಸಲಿಲ್ಲ.

ಆಮೇಲೆ ಗಮನಿಸಿದವನು ಗ್ಯಾಂಫಿಯೇ. ಮನೆಗೆ ಈಗ ಅವನೇ ಹಕ್ಕುದಾರ. ಆಳು ಕೆಟ್ಟವನಲ್ಲ, ಆಸೆಬುರುಕ. ರಸ್ತೆಬದಿಯ ಆ ಎರಡು ಕೋಣೆಯ ಗೋಡೆ ಒಡೆದು ಮೊಬೈಲ್ ಅಂಗಡಿ ಇಡಬೇಕೆಂದು ಅವನಿಗೆ ಕನಸು. ನಲವತ್ತನೆಯ ದಿನ ಮನೆಯವರೆಲ್ಲ ಸೇರಿದಾಗ ಅವನು ಫೋಟೊ ಎತ್ತಿ ಹಿಡಿದ. ನೆರೆಯವಳೆಂದು ನಾನೂ ಅಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದೆ.

"ಯಾರ ಬೇರೂ ನಾನು ಕೇಳ್ತಿಲ್ಲ, ಕೇಳಬಾರದು ಅಂತ ಗೊತ್ತು" ಎಂದ. "ಫೋಟೊ ಮಾತ್ರ ನೋಡಿ. ಮನೆಯವರೆಲ್ಲ ಕೆಂಪು. ಇವಳೊಬ್ಬಳೇ ಕಪ್ಪು. ಹೊರಗಿನವಳು ಅಂತ ತಾನೇ ಒಪ್ಕೊಂಡು ಕಪ್ಪು ಉಟ್ಟು ಕೂತಿದಾಳೆ. ನಾನು ಹೇಳಿದ್ದಲ್ಲ, ಅವಳ ಬಟ್ಟೆ ಹೇಳ್ತಿದೆ."

"ನಾನೇ ಉಡಿಸಿದ್ದು ಕಣೋ, ಕೆಂಪೇ ಉಡಿಸಿದ್ದು" ಎಂದಳು ಟಿವಾ ಅಜ್ಜಿ.

"ಅಜ್ಜೀ, ಮೊನ್ನೆ ನನ್ನನ್ನೇ ನಿಮ್ಮಪ್ಪ ಅಂತ ಕರೆದ್ರಲ್ಲ!"

ಜನ ನಕ್ಕರು. ಟಿವಾ ಅಜ್ಜಿ ಕೋಲಿನ ಮೇಲೆ ಗಲ್ಲವಿಟ್ಟಳು. ಆ ಬೆಳಗ್ಗೆ ಅಜ್ಜಿ ಬಾಗಿಲ ಬಳಿ ಉಡಿಸುವಾಗ ನಾನು ಕೆಂಪು ನೋಡಿದ್ದೆ. ನೋಡಿದೆ ಎಂದರೆ 'ಯಾವ ಸಂಬಂಧಕ್ಕೆ ಕೆಂಪು?' ಎಂಬ ಪ್ರಶ್ನೆ ಬರುತ್ತದೆ, ಅದರ ಉತ್ತರ ಯಾರ ಬಾಯಿಂದಲೂ ಬರಬಾರದ್ದು. ಅದಕ್ಕೇ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದೆ. ಈಗಲೂ ನಾಚಿಕೆಯಾಗುತ್ತದೆ.

ಕುಲದ ಯಜಮಾನ ನ್ಸಿಯಾ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ. "ಫೋಟೊ ಸುಳ್ಳು ಹೇಳೋಲ್ಲ, ಅಜ್ಜಿಯೂ ಸುಳ್ಳು ಹೇಳೋಲ್ಲ. ಬರೋ ಮಂಗಳವಾರದೊಳಗೆ ಬೇರೆ ಸಾಕ್ಷಿ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಸಾರ್ಫೊವಾ ಕೋಣೆ ಬಿಟ್ಟುಕೊಡಲಿ" ಎಂದ.

ಮಾರನೆಯ ದಿನ ಸಾರ್ಫೊವಾ ದುಫಿಯೆಯ ಅಂಗಡಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಮಡಿಸಿದ ಕೆಂಪು ಬಟ್ಟೆಯನ್ನು ಮೇಜಿನ ಮೇಲಿಟ್ಟು, "ಇದು ನಿನ್ನ ಫೋಟೊದಲ್ಲಿ ಎಲ್ಲಿ ಹೋಯ್ತು?" ಎಂದು ಕೇಳಿದಳು. "ಕೋಣೆ ಹೋದ್ರೆ ಕೆಂಕೆ ಬೇಯಿಸೋಕೆ ಬೇರೆ ಒಲೆ ಹುಡುಕ್ತೀನಿ. ನಾನು ಆ ಮನೇವಳಲ್ಲ ಅಂದ್ರೆ, ಸತ್ತಾಗ ನನ್ನನ್ನ ಎಲ್ಲಿ ಮಲಗಿಸ್ತಾರೆ ದುಫಿಯೆ?"

ದುಫಿಯೆ ಫೋಟೊ ನೋಡಿದಳು, ಬಟ್ಟೆ ನೋಡಿದಳು. ಅವಳ ಮುಖ ಬೂದಿಯಾಯಿತು. ಕುರ್ಚಿ ಎಳೆದು ಕೂತು, ಕ್ಯಾಮೆರಾ ಮೊದಲು ಬರೆದುಕೊಂಡಿದ್ದ, ಯಾರೂ ತಿದ್ದದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆಗೆದಳು. ಸಂಜೆಯವರೆಗೆ ಏಳಲಿಲ್ಲ. ನಾನು ಬಾಳೆಕಾಯಿ, ಸೊಪ್ಪಿನ ಪಲ್ಯ ತಂದಿಟ್ಟರೆ ಅದೂ ಆರಿಹೋಯಿತು.

"ಅಷ್ಟೇಕೆ ಒದ್ದಾಡ್ತೀಯೇ?" ಎಂದೆ. "ಅಷ್ಟು ಜಾಗಕ್ಕೆ ಕೆಂಪು ಬಳಿದುಬಿಡು. ಬಟ್ಟೆ ಕೆಂಪೇ ತಾನೆ? ಪಾಪವೇನೂ ಬರೋದಿಲ್ಲ."

ಅವಳು ಸರ್ರನೆ ತಿರುಗಿದಳು. "ಬಳಿದ್ಯಾ ಅಂತ ಗ್ಯಾಂಫಿ ಕೇಳಿದ್ರೆ ಏನು ಹೇಳ್ಲಿ ಪೊಮಕ್ಕ? ಬಳಿದೆ ಅಂದ್ರೆ ಅವಳ ಕಥೆ ಮುಗೀತು. ಇಲ್ಲ ಅಂದ್ರೆ ನನ್ನ ಕಥೆ ಮುಗೀತು. ಇವತ್ತು ಕೆಂಪು ಬಳಿಯೋಳು ನಾಳೆ ಕಪ್ಪೂ ಬಳೀತಾಳೆ. ನನಗೆ ಬೇಕಾಗಿರೋದು ಅಲ್ಲಿದ್ದ ಕೆಂಪು, ನನ್ನ ಡಬ್ಬಿಯ ಕೆಂಪಲ್ಲ."

"ಅಲ್ಲಿ ಇದ್ರೆ ತಾನೆ ತೆಗೆಯೋದು?"

"ಇದೆ. ಚೂರೇ ಚೂರು ಇದೆ. ದೀಪದಲ್ಲಿ ಇಲ್ಲದ ಬಣ್ಣಾನ ಬಟ್ಟೆ ಎಲ್ಲಿಂದ ತಂದು ತೋರಿಸ್ಬೇಕು ಹೇಳು? ನೀಲಿ ದೀಪದಲ್ಲಿ ಕೆಂಪಿಗೆ ಸಿಗೋ ಪಾಲು ಏನೂ ಇಲ್ಲ. ಆದ್ರೆ ಆ ಕಡೆ ಹಳದಿ ಬಲ್ಬಿತ್ತಲ್ಲ, ಅದರ ಬೆಳಕು ಹನಿಯಷ್ಟು ಈ ಮೂಲೆಗೂ ಚೆಲ್ಲಿದೆ. ಆ ಹನೀಲಿ ಹುಡುಕ್ತಿದೀನಿ."

ಅವಳಿಗೆ ಬೇಕಿದ್ದದ್ದು ಆ ಮೂಲೆಯಲ್ಲಿ ಒಂದು ನಿಜವಾದ ಬಿಳಿ. ಹೆಣದ ಮೇಲಿನ ಲೇಸು ಬಿಳಿಯಲ್ಲ, ಕೆನೆಬಣ್ಣ, ಬೆಳ್ಳಗಿರುವುದೆಲ್ಲ ಹಾಲಲ್ಲವಲ್ಲ. ಕೊನೆಗೆ ಸಿಕ್ಕಿದ್ದು ಸಾರ್ಫೊವಾ ಕೈಯಲ್ಲಿದ್ದ ಕರವಸ್ತ್ರ. ಅದನ್ನು ತರಿಸಿ ಬಾಗಿಲ ಬಿಸಿಲಿಗೆ ಹಿಡಿದು, ತನ್ನ ತಟ್ಟೆಯ ಪಕ್ಕವಿಟ್ಟು ನೋಡಿದಳು. ಎರಡೂ ಒಂದೇ ಬಿಳಿ. ಇಡೀ ಚಿತ್ರವನ್ನು ಒಂದೇ ಸಲ ತಿದ್ದಿದ್ದೇ ತಪ್ಪೆಂದು ಬೈದುಕೊಳ್ಳುತ್ತ, ಆ ಮೂಲೆಯನ್ನು ಬೇರೆಯಾಗಿ ಗುರುತುಮಾಡಿ, ಕರವಸ್ತ್ರ ಬಿಳಿಯಾಗುವವರೆಗೆ ಅಷ್ಟರದೇ ನೀಲಿ ತೆಗೆಯುತ್ತ ಹೋದಳು. ಬಟ್ಟೆ ಕಪ್ಪಿನಿಂದ ಮೆಲ್ಲಗೆ ಮೇಲೆದ್ದು ಹಳೆಯ ಒಣಮೆಣಸಿನಕಾಯಿಯ ಬಣ್ಣಕ್ಕೆ ಬಂದು ನಿಂತಿತು. ಅದಕ್ಕಿಂತ ಮುಂದೆ ಹೋಗಲಿಲ್ಲ.

"ಇನ್ನು ಸ್ವಲ್ಪ ಎತ್ತು" ಎಂದೆ.

"ಇಲ್ಲ. ಇದ್ದದ್ದು ಇಷ್ಟೇ."

"ನಾನು ಅದ್ದೋ ಕಂದು ಬಟ್ಟೆ ಇದೇ ಥರ ಇದೆ. ಗ್ಯಾಂಫಿ ಇದನ್ನ ಕಂದು ಅಂತಾನೆ ನೋಡು."

 ಅವಳು ಎದ್ದು ಚಪ್ಪಲಿ ಹುಡುಕಿದಳು. "ಹಾಗಾದ್ರೆ ಅವರ ಕಣ್ಣೆದುರೇ ತೆಗೀತೀನಿ. ಅದೇ ಕೋಣೆ, ಅದೇ ಮಂಚ, ಅದೇ ದೀಪ. ನಿನ್ನ ಮೂರೂ ಬಟ್ಟೆ ತಗೊಂಡು ಬಾ. ಕೆಂಪು, ಕಂದು, ಕಪ್ಪು."

"ಎಲ್ಲರೆದುರು 'ನನ್ನ ಫೋಟೊ ತಪ್ಪು' ಅಂತ ನೀನೇ ಹೇಳ್ಬೇಕಾಗುತ್ತೆ ಕಣೇ. ಆಮೇಲೆ ಯಾರು ಕರೀತಾರೆ ನಿನ್ನನ್ನ?"

"ಕರೆಯದಿದ್ರೆ ನಿನ್ನ ಬಕೆಟ್ಟು ತೊಳೀತೀನಿ. ನೀನು ಕೆಲಸಕ್ಕೆ ಇಟ್ಕೊಳ್ಳೋಲ್ವಾ?"

ಆ ವಾರವೆಲ್ಲ ಅವಳು ಬೊಟ್ವೆಯ ಬೆನ್ನು ಬಿಡಲಿಲ್ಲ. ಅವನು ದೀಪ ಬೇರೆ ಊರಿಗೆ ಹೋಗಿದೆ ಎಂದ. ಆ ಊರಿಗೇ ಹೋಗಿ ಹಿಡಿದು ತಂದಳು. ಮಂಗಳವಾರ ಮಧ್ಯಾಹ್ನ ದೊಡ್ಡ ಮನೆಯ ಕೋಣೆಯಲ್ಲಿ ಪರದೆ ಎಳೆದು, ಹಳದಿ ಬಲ್ಬು ಹಚ್ಚಿ, ಮಂಚದ ತಲೆದೆಸೆಗೆ ಅದೇ ನೀಲಿ ಪಟ್ಟಿ ಸುತ್ತಿದರು. ಮನೆಯವರು ಗೋಡೆಗೊರಗಿ ತುಂಬಿಕೊಂಡರು. ದುಫಿಯೆ ನಡುವೆ ನಿಂತಳು. 

"ನಾನು ಕೊಟ್ಟ ಹನ್ನೆರಡು ಫೋಟೊನೂ ತಪ್ಪು. ಬಾಗಿಲ ಬೆಳಕಿಗೆ ಅಳತೆ ಹಿಡಿದು ಮೂಲೆಯವಳಿಗೂ ಅದನ್ನೇ ಹೊಲಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತೀವಲ್ಲ, ಹಾಗೆ ನನ್ನ ಯಂತ್ರಕ್ಕೆ ಅವತ್ತು ಆ ಮೂಲೇಲಿ ಕಂಡದ್ದೆಲ್ಲ ನೀಲಿ. ನನ್ನ ಮಾತು ನಂಬಬೇಡಿ, ನಿಮ್ಮ ಕಣ್ಣಿಂದ ನೋಡಿ."

"ಯಂತ್ರದಲ್ಲಿ ಕತ್ತೇನೂ ಕುದುರೆ ಮಾಡಬಹುದು" ಎಂದ ಗ್ಯಾಂಫಿ.

"ಅದಕ್ಕೇ ಮೊದಲು ಯಂತ್ರ ಬೇಡ. ಪೊಮಕ್ಕ, ಬಟ್ಟೆ ಹಿಡಿ."

ನಾನು ಮೂಲೆಗೆ ಹೋಗಿ ಮೂರು ಬಟ್ಟೆ ಹಿಡಿದೆ. ಕೋಣೆಯಲ್ಲಿ ಗುಸುಗುಸು ಎದ್ದಿತು. ಮೂರೂ ಕಪ್ಪು! ನಾನು ಬಗ್ಗಿ ನೋಡಿದೆ, ಹೊರಳಿಸಿ ನೋಡಿದೆ. ನನ್ನ ಕೈಯಾರೆ ಅದ್ದಿದ ಕಂದು ಯಾವುದು, ಕೆಂಪು ಯಾವುದು ಎಂದು ಮೂವತ್ತು ವರ್ಷದ ಈ ಕಣ್ಣಿಗೆ ಗುರುತು ಸಿಗಲಿಲ್ಲ. ಯಜಮಾನ ನ್ಸಿಯಾ ಕನ್ನಡಕ ಒರೆಸಿಕೊಂಡು ಹತ್ತಿರ ಬಂದ, ಮತ್ತೆ ಒರೆಸಿಕೊಂಡ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳ್ಲಿಲ್ಲ" ಎಂದು ಗೊಣಗಿದ.

ದುಫಿಯೆ ಮೂರೂ ಬಟ್ಟೆಯನ್ನು ಆ ಕರವಸ್ತ್ರದ ಸಮೇತ ಫೋಟೊ ತೆಗೆದು, ಎಲ್ಲರಿಗೂ ಕಾಣುವಂತೆ ಕಂಪ್ಯೂಟರು ತಿರುಗಿಸಿ, ಕರವಸ್ತ್ರ ಬಿಳಿಯಾಗುವವರೆಗೆ ನೀಲಿ ತೆಗೆದಳು. ಕಪ್ಪು ಬಟ್ಟೆ ಕಪ್ಪಾಗಿಯೇ ಉಳಿಯಿತು. ಕಂದು ಮಣ್ಣಿನ ಬಣ್ಣಕ್ಕೆ ಬಂತು. ಮೂರನೆಯದು ಒಣಮೆಣಸಿನಕಾಯಿಯ ಬಣ್ಣಕ್ಕೆ ಬಂತು. ಪಕ್ಕದಲ್ಲೇ ಅವತ್ತಿನ ಚಿತ್ರದ ಸಾರ್ಫೊವಾಳನ್ನು ಇಟ್ಟಳು. ಅದೇ ಮೆಣಸಿನಕಾಯಿ.

ಗ್ಯಾಂಫಿ ಇನ್ನೂ ಸೋಲಲಿಲ್ಲ. "ಬಟ್ಟೆ ತುಂಡಿನ ಮಾತು ಬೇರೆ, ಮನುಷ್ಯರು ಉಟ್ಟು ಕೂತಾಗ ಬೇರೆ..."

"ಹಾಗಾದ್ರೆ ನಾನು ಕೂರ್ತೀನಿ" ಎಂದಿತು ಬಾಗಿಲ ಬಳಿಯಿಂದ ಒಂದು ದನಿ.

ಟಿವಾ ಅಜ್ಜಿ ತನ್ನ ಕೆಂಪು ಬಟ್ಟೆಯನ್ನು ಭುಜಕ್ಕೆ ಸುತ್ತಿಕೊಂಡು ಕೋಲೂರಿ ಬಂದಳು. ಬಾಗಿಲಲ್ಲಿ ಅದು ರಕ್ತದ ಹಾಗೆ ಕೆಂಪಗಿತ್ತು. ಹೆಜ್ಜೆಹೆಜ್ಜೆಗೆ ಮಬ್ಬಾಗುತ್ತ, ಮೂಲೆಯ ಸ್ಟೂಲಿನ ಮೇಲೆ ಅವಳು ಕೂರುವ ಹೊತ್ತಿಗೆ ಕಪ್ಪಾಗಿತ್ತು. ದುಫಿಯೆ ಫೋಟೊ ತೆಗೆದಳು. ತೊಂಬತ್ತು ವರ್ಷದ ಮುದುಕಿ, ಆ ಕುಲದ ಹೆಣ್ಣುಮಕ್ಕಳಿಗೆಲ್ಲ ತಾಯಿಬೇರು, ಪರದೆಯ ಮೇಲೆ ಹೊರಗಿನವಳ ಕಪ್ಪಿನಲ್ಲಿ ಕೂತಿದ್ದಳು.

"ನೋಡೋ ಗ್ಯಾಂಫಿ" ಎಂದಳು. "ಇದು ನೆನಪಿಲ್ಲದ ಮುದುಕಿಯ ಮಾತಲ್ಲ, ನಿನ್ನ ಫೋಟೊ ಹೇಳ್ತಿದೆ. ಈಗ ಹೇಳು, ನಾನು ಯಾವ ಊರಿಂದ ಬಂದೆ?"

ಇಂಥ ಪ್ರಶ್ನೆಗೆ ಬಾಯಿ ತೆರೆಯುವವನು ನಮ್ಮಲ್ಲಿ ಹುಟ್ಟಿಲ್ಲ.  ಆಗ ನನ್ನ ನಾಲಿಗೆಗೂ ಜೀವ ಬಂತು. "ಅವತ್ತು ಕೆಂಪೇ ಇತ್ತು. ನಾನು ಕಂಡಿದ್ದೆ" ಎಂದೆ. "ನಾನೂ ಕಂಡೆ" ಎಂದಳು ಇನ್ನೊಬ್ಬಳು. ಗೋಡೆಯುದ್ದಕ್ಕೂ ಹೆಂಗಸರು ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದರು. ಯಜಮಾನ ನ್ಸಿಯಾ ಈ ಸಲ ದೀಪವನ್ನು ಗೋಡೆಯ ಮೇಲಿಡಲಿಲ್ಲ: ಕೋಣೆ ಸಾರ್ಫೊವಾಳದು, ಆ ಮಾತು ಇನ್ನು ಎತ್ತುವಂತಿಲ್ಲ ಎಂದುಬಿಟ್ಟ.

ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ಎದ್ದೆವು, ದುಫಿಯೆಗೆ ಮುಗಿದಿರಲಿಲ್ಲ. ಆ ತಪ್ಪು ಫೋಟೊ ಹನ್ನೆರಡು ಮನೆಯ ಗೋಡೆಯ ಮೇಲಿದೆ, ಮೊಮ್ಮಕ್ಕಳು ನಾಳೆ ಅದನ್ನೇ ನಂಬುತ್ತಾರೆ ಎಂದು ಹೊಸದನ್ನು ಅಚ್ಚು ಹಾಕಿಸಿ, ಮನೆಮನೆಗೆ ಹೋಗಿ, "ನನ್ನ ತಪ್ಪು, ಬದಲಾಯಿಸಿಕೊಳ್ಳಿ" ಎಂದು ಹಳೆಯದನ್ನು ಕಿತ್ತು ತಂದಳು. ಕೆಲವರು ನಕ್ಕರು. ಒಬ್ಬಳು, "ನಿನ್ನ ಕಣ್ಣಿಗೂ ಒಂದು ತಟ್ಟೆ ಹಿಡಿ" ಎಂದು ಮುಖಕ್ಕೇ ಹೇಳಿದಳು. ಗ್ಯಾಂಫಿ ಬಾಗಿಲು ತೆರೆಯಲಿಲ್ಲ. ಇವಳು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತ, ಹೋಗಿಬರುವವರಿಗೆಲ್ಲ "ಗ್ಯಾಂಫಿಯಣ್ಣನಿಗಾಗಿ ಕಾಯ್ತಿದೀನಿ" ಎಂದು ಕೂಗಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವನೇ ಫೋಟೊ ತಂದು ಕೈಗಿಟ್ಟು, "ಇಂಥ ಹಟಮಾರಿನ ಬಿಟ್ಟ ನಿನ್ನ ಗಂಡ ಬುದ್ಧಿವಂತ" ಎಂದ. "ಅವನು ಬಿಟ್ಟಿದ್ದಲ್ಲ, ನಾನು ಬಿಟ್ಟಿದ್ದು. ಅದನ್ನೂ ತಿದ್ಕೊ" ಎಂದು ಇವಳು ಎದ್ದು ಬಂದಳು.

ಹದಿಮೂರನೆಯ ಪ್ರತಿಯನ್ನು ಸಾರ್ಫೊವಾಳಿಗೆ ಕೊಡಲು ನಾನೂ ಜೊತೆಗೆ ಹೋದೆ. ಮೊದಲ ಹನ್ನೆರಡರ ಪಟ್ಟಿಯಲ್ಲಿ ಅವಳ ಹೆಸರನ್ನು ಯಾರೂ ಸೇರಿಸಿರಲಿಲ್ಲ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಫೋಟೊ ಹಿಡಿದು, ಆ ಮಂಕು ಕೆಂಪನ್ನು ಬೆರಳಿಂದ ಮುಟ್ಟಿ ನೋಡಿದಳು. ಒಲೆಯ ಪಕ್ಕ ಟಿವಾ ಅಜ್ಜಿ ಕೂತು ಬಿಸಿ ಕಾಯಿಸಿಕೊಳ್ಳುತ್ತಿದ್ದಳು.

"ಇನ್ನೂ ಚೆನ್ನಾಗಿ ಬರ್ಬೇಕಿತ್ತು" ಎಂದಳು ದುಫಿಯೆ, ತಲೆ ತಗ್ಗಿಸಿ. "ಆ ದೀಪದಲ್ಲಿ ಇದ್ದದ್ದೇ ಅಷ್ಟು."

"ಅದಕ್ಕೇನಂತೆ" ಎಂದಳು ಟಿವಾ ಅಜ್ಜಿ. "ನಾನು ಹೋಗೋ ದಿನ ಕಿಟಕಿ ಎಲ್ಲ ತೆಗೆದಿಡಿ. ಆ ಬೊಟ್ವೆನ ಒಳಗೆ ಬಿಡಬೇಡಿ. ಸಾರ್ಫೊವಾ ಕೆಂಪು ಉಟ್ಟು ನನ್ನ ತಲೆದೆಸೇಲಿ ಕೂತ್ಕೋಬೇಕು. ಊರೆಲ್ಲ ಕಣ್ತುಂಬ ನೋಡ್ಲಿ. ಆಗ ತೆಗಿ ನಿನ್ನ ಫೋಟೊ."

 ಸಾರ್ಫೊವಾ ಅಷ್ಟು ದಿನ ತಡೆದಿಟ್ಟ ಕಣ್ಣೀರು ಈಗ ಗಲ್ಲದ ಹಿಟ್ಟಿನ ಮೇಲೆ ಇಳಿಯಿತು. ಫೋಟೊವನ್ನು ಗೋಡೆಗೊರಗಿಸಿಟ್ಟು, ಬಗ್ಗಿ ಮುದುಕಿಯ ಕಾಲಿನ ಮೇಲೆ ಬಟ್ಟೆ ಸರಿಮಾಡಿದಳು.

"ಹಾಗಾದ್ರೆ ಆ ಕೆಂಪು ಇನ್ನೂ ಬಹಳ ವರ್ಷ ಪೆಟ್ಟಿಗೇಲೇ ಇರ್ಲಿ, ಅಮ್ಮಾ" ಎಂದಳು.